ಚಿಕ್ಕವರ ಸಾಲು

ಆ ವಾರ ಸನಾವುಲ್ಲಾ ಅವರ ಅಂಗಡಿಗೆ ಕುಕ್ಕರಿನ ಗ್ಯಾಸ್ಕೆಟ್ ಕೇಳಿಕೊಂಡು ಬಂದವರಿಗೂ ಮೊದಲು ಸಿಗುತ್ತಿದ್ದದ್ದು ಮಗನ ನಕ್ಷೆಯ ಸುದ್ದಿ. ಗ್ಯಾಸ್ಕೆಟ್ ಆಮೇಲೆ.

"ನಮ್ಮ ಜೀಶಾನ್ ಖಬರಸ್ತಾನದ ಹಳೇ ಮ್ಯಾಪನ್ನ ಪೂರಾ ಕಂಪ್ಯೂಟರಿಗೆ ಇಳಿಸ್ಬಿಟ್ಟಿದ್ದಾನೆ. ಯಾವ ಗೋರಿ ಎಲ್ಲಿ, ಯಾವ ಮರ ಎಲ್ಲಿ, ಎಲ್ಲಾ ಬಂದಿದೆ. ಕಮಿಟಿ ರೂಮಲ್ಲಿ ಫ್ರೇಮ್ ಹಾಕಿಸಿ ಇಟ್ಟಿದ್ದಾರೆ, ಹೋಗಿ ನೋಡಿ. ಒಂದು ಪೈಸಾ ಮುಟ್ಟಿಲ್ಲ ಅವನು."

ಗಿರಾಕಿ ಹೌದಾ ಎಂದರೆ ಸಾಕು, ಸ್ಟೂಲು ಎಳೆದು ಕೂರಿಸಿ ಚಹಾ ತರಿಸುತ್ತಿದ್ದರು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಆ ಪಾತ್ರೆ ಅಂಗಡಿಯಲ್ಲಿ ಅಷ್ಟು ಚಹಾ ಖರ್ಚಾದದ್ದು ಅದೇ ಮೊದಲು.

ಮನೆ ಅಂಗಡಿಯ ಮೇಲೆಯೇ. ಎರಡು ಕೋಣೆ, ಒಂದು ಅಡುಗೆಮನೆ, ದಿನ ಬಿಟ್ಟು ದಿನ ನೀರು. ಮನೆಯಲ್ಲಿ ಸನಾವುಲ್ಲಾ, ಅವರ ಹೆಂಡತಿ ಶಂಶುನ್ನೀಸಾ, ಒಬ್ಬನೇ ಮಗ ಜೀಶಾನ್, ಹೋದ ವರ್ಷ ಕೆ.ಆರ್. ಪುರದಿಂದ ಬಂದ ಸೊಸೆ ಅಲಿಯಾ. ಮನೆಮಾತು ದಖನಿ ಉರ್ದು. ಇಲ್ಲಿ ಅದನ್ನು ಕನ್ನಡಕ್ಕೆ ತರುವಾಗ ಜಗಳದ ಖಾರ ಒಂದಿಷ್ಟು ಕಡಿಮೆಯಾಗಿದ್ದರೆ ಓದುವವರು ತಾವೇ ಸೇರಿಸಿಕೊಳ್ಳಬೇಕು.

ಜೀಶಾನನಿಗೆ ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ಕೆಲಸ. ಹಳೆಯ ಕಾಗದದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ನಕ್ಷೆ ಬರೆಯುವ ಪ್ರೋಗ್ರಾಂ ಕ್ಯಾಡ್‌ನಲ್ಲಿ ತಳಕ್ಕೆ ಹಾಸಿಕೊಂಡು, ಅದರ ಮೇಲೆ ಒಂದೊಂದೇ ಗೆರೆಯನ್ನು ಹೊಸದಾಗಿ ಎಳೆಯುವುದು ಅಲ್ಲಿಯ ಕಸುಬು. ಬಡಾವಣೆಗಳು, ಕಾರ್ಖಾನೆಗಳು, ಚರಂಡಿಗಳು, ಎಲ್ಲದರ ನಕ್ಷೆಗಳೂ ಅವನ ಕೈಯಲ್ಲಿ ಹಾದುಹೋಗಿದ್ದವು. ಕೈ ಬಲು ಚುರುಕು. "ನಿನ್ನ ಡ್ರಾಯಿಂಗಲ್ಲಿ ಒಂದು ಕಸ ಇರಲ್ಲ ಗುರು" ಎಂದು ಆಫೀಸಿನ ಯಜಮಾನ ಕೆಂಪರಾಜ್ ಎಲ್ಲರೆದುರು ಹೇಳಿದ್ದನ್ನು ಅವನು ಮನೆಯಲ್ಲಿ ಎರಡು ಸಲ ಹೇಳಿಕೊಂಡಿದ್ದ.

ಹಾಗಾಗಿ ಖಬರಸ್ತಾನ ಕಮಿಟಿಯ ಸೆಕ್ರೆಟರಿ ಶೌಕತ್ ಸಾಹೇಬರು ಬಟ್ಟೆ ಅಂಟಿಸಿದ ಹಳದಿ ಕಾಗದದ ಸುರುಳಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಒಳಗೆ ದಾರಿ ಮಾಡಿಸ್ಬೇಕು, ನಲ್ಲಿ ಹಾಕಿಸ್ಬೇಕು, ಕಂಟ್ರಾಕ್ಟರು ಕಂಪ್ಯೂಟರ್ ಡ್ರಾಯಿಂಗ್ ಇಲ್ದೆ ಮುಟ್ಟಲ್ಲ ಅಂತಾನೆ" ಎಂದಾಗ ಜೀಶಾನ್ ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವನಿಗಿಂತ ಮೊದಲು ಅವನ ಅಬ್ಬಾ ಒಪ್ಪಿಕೊಂಡಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವನು ಕೆಲಸಕ್ಕೆ ಕೂತ. ಹಳೆಯ ಕಾಗದ ಸ್ಕ್ಯಾನರಿನಿಂದ ಹೊರಬಂದಾಗ ಧೂಳು, ಬೂಷ್ಟು, ಹುಳ ತಿಂದ ತೂತು ಎಲ್ಲವೂ ಕಪ್ಪು ಚುಕ್ಕೆಗಳಾಗಿ ಬರುತ್ತವೆ. ಈ ನಕ್ಷೆಯಂತೂ ಸಾಸಿವೆ ಚೆಲ್ಲಿದ ಹಾಗಿತ್ತು. ಇಷ್ಟಕ್ಕಿಂತ ಚಿಕ್ಕದಾಗಿರುವುದನ್ನೆಲ್ಲ ಅಳಿಸು ಎಂದು ಕಂಪ್ಯೂಟರಿಗೆ ಹೇಳುವ ಒಂದು ಉಪಾಯವಿದೆ. ಜೀಶಾನ್ ಅಳತೆ ಕೊಟ್ಟು ಒತ್ತಿದ. ಕ್ಷಣದಲ್ಲಿ ಕಾಗದ ತೊಳೆದಿಟ್ಟಂತೆ ಬೆಳ್ಳಗಾಯಿತು. ಆಯತಾಕಾರದ ಗೋರಿಗಳು, ಕಾಂಪೌಂಡ್ ಗೋಡೆ, ನೇರಳೆ ಮರ ಮಾತ್ರ ಉಳಿದವು.

ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದ ಅಲಿಯಾ ಕೇಳಿದಳು: "ಆ ಮರದ ಹತ್ರ ಇದ್ದ ಚುಕ್ಕೆಗಳು ಸಾಲಾಗಿದ್ವಲ್ಲಾ?"

"ಹುಳ ತಿಂದಿರೋದು ಅದು."

"ಹುಳ ಸಾಲಾಗಿ ತಿನ್ನುತ್ತಾ?"

"ನೀನು ಯಾವ ಆಫೀಸಲ್ಲಿ ಕೆಲಸ ಮಾಡಿದ್ದೀಯಾ? ಹೋಗು, ಹಾಲು ಇಟ್ಟಿದ್ಯಲ್ಲ, ಉಕ್ಕುತ್ತೆ."

ಹಾಲು ಉಕ್ಕಿಯೇ ಇತ್ತು. ಅಲಿಯಾ ಒಲೆ ಒರೆಸುತ್ತಾ ಆ ಮಾತು ಮರೆತಳು. ಜೀಶಾನ್ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ನಕ್ಷೆ ಮುಗಿಸಿದ್ದ.

ಅಡುಗೆಮನೆಯಿಂದ ಶಂಶುನ್ನೀಸಾ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿದ್ದರು: "ಅದರಲ್ಲಿ ಎಲ್ಲರೂ ಇರ್ತಾರಾ ಬೇಟಾ?"

"ಎಲ್ಲರೂ ಅಮ್ಮಿ. ಒಬ್ಬರನ್ನೂ ಬಿಡಲ್ಲ."

"ಅಲ್ಲಾ ನಿನಗೆ ಒಳ್ಳೇದು ಮಾಡ್ಲಿ," ಎಂದು ಅವರು ಸಾರಿಗೆ ಹುಣಸೆ ಹಿಂಡಲು ಹೋದರು. ಮಗನಿಗೆ ಆ ಪ್ರಶ್ನೆ ಯಾಕೆಂದು ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಆ ಮನೆಯಲ್ಲಿ ಜೀಶಾನನಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿತ್ತು. ನಿಖತ್ ಎಂದು ಹೆಸರಿಟ್ಟು, ಹಾಲು ಕುಡಿಯುವ ವಯಸ್ಸಿನಲ್ಲೇ ಮಣ್ಣಿಗೆ ಕೊಟ್ಟಿದ್ದರು. ಮೊಹಲ್ಲಾದ ರೂಢಿಯಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ಗಂಡ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದದ್ದೇ ಶಂಶುನ್ನೀಸಾ ಕಂಡ ಕೊನೆಯ ನೋಟ. ಅಲ್ಲಿಂದ ಈಚೆಗೆ, ಸತ್ತವರನ್ನು ನೆನೆಯುವ ಪ್ರತಿ ಶಬೆ ಬರಾತ್ ಹಬ್ಬಕ್ಕೆ, ಮಾವನ ಗೋರಿಗೆಂದು ಒಂದು ದೊಡ್ಡ ಪೊಟ್ಟಣ ಗುಲಾಬಿ ಪಕಳೆ ಕೊಟ್ಟು, ಅದರ ಜೊತೆ ಒಂದು ಚಿಕ್ಕ ಪೊಟ್ಟಣವನ್ನು ಗಂಡನ ಜೇಬಿಗೆ ತಾವೇ ಇಡುತ್ತಿದ್ದರು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಜೀಶಾನ್ ಆ ಪೊಟ್ಟಣ ನೋಡಿಕೊಂಡೇ ಬೆಳೆದವನು.

ವಾರಗಳು ಕಳೆದವು. ಕಂಟ್ರಾಕ್ಟರನ ಲಾರಿ ಬಂತು, ಸಿಮೆಂಟಿನ ಬ್ಲಾಕುಗಳು ಬಂದವು. ಗೇಟಿನಿಂದ ಕೈಕಾಲು ತೊಳೆಯುವ ನಲ್ಲಿಯವರೆಗೆ ಹೊಸ ದಾರಿಯಾಯಿತು ಎಂದು ಅಬ್ಬಾ ಊಟದ ಹೊತ್ತಿನಲ್ಲಿ ವರದಿ ಕೊಡುತ್ತಿದ್ದರು.

ಶಬೆ ಬರಾತ್ ಹಬ್ಬಕ್ಕೆ ಮುಂಚಿನ ಭಾನುವಾರ. ನೆಲದ ಮೇಲೆ ದಸ್ತರಖಾನ್ ಹಾಸಿ ಖುಸ್ಕಾ, ದಾಲ್ಚಾ ಬಡಿಸಿಕೊಂಡು ನಾಲ್ವರೂ ಕೂತಿದ್ದರು. ಅಬ್ಬಾ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಶಂಶುನ್ನೀಸಾ ಸೌಟು ಹಿಡಿದುಕೊಂಡೇ ಹೇಳಿದರು:

"ಜೀಶಾನ್, ಊಟ ಆದ್ಮೇಲೆ ನನಗೆ ಆ ಮ್ಯಾಪ್ ತೋರಿಸು. ನಿಖತ್ ಎಲ್ಲಿದ್ದಾಳೆ ಅಂತ ನೋಡ್ಬೇಕು."

ಅಬ್ಬಾನ ಕೈ ತಟ್ಟೆಯಲ್ಲೇ ನಿಂತಿತು. ಆ ಹೆಸರು ಆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದ್ದು ಅದೇ ಮೊದಲು.

"ಈಗ್ಯಾಕೆ ಶಂಶು ಅದೆಲ್ಲ?"

"ಈಗಲ್ದೆ ಇನ್ಯಾವಾಗ? ಒಳಗೆ ಹೋಗೋ ಹಾಗಿಲ್ಲ. ಮಗ ಮನೆಗೇ ತಂದಿದ್ದಾನಲ್ಲ, ನೋಡ್ತೀನಿ. ಬರೀ ನೋಡೋಕೂ ಬೇಡ್ವಾ?"

ಯಾರೂ ಬೇಡ ಎನ್ನಲಿಲ್ಲ. ಕೈ ತೊಳೆದು ಜೀಶಾನ್ ಲ್ಯಾಪ್‌ಟಾಪ್ ತೆರೆದ. "ಎಲ್ಲಿ ಅಂತ ಗೊತ್ತಾ ಅಮ್ಮಿ?"

"ನೇರಳೆ ಮರದ ಎದುರು ಮೂಲೆ. ಚಿಕ್ಕವರ ಸಾಲು ಅಂತಾರೆ. ದೊಡ್ಡೋರದ್ದು ಚೌಕ ಹಾಕಿದ್ದಾರೆ, ಮಕ್ಕಳದ್ದು ಬರೀ ಸಣ್ಣ ಗುಂಡು ಸುನ್ನೆ ಹಾಕಿರ್ತಾರೆ ಅಂತ ನಿಮ್ಮಬ್ಬಾ ಅವತ್ತೇ ಹೇಳಿದ್ರು."

ಜೀಶಾನ್ ನೇರಳೆ ಮರವನ್ನು ಹುಡುಕಿದ. ಮರ ಇತ್ತು. ಅದರ ಎದುರು ಮೂಲೆ ಖಾಲಿ ಇತ್ತು. ಖಾಲಿ ಜಾಗದ ನಡುವೆ ಕಂಟ್ರಾಕ್ಟರನಿಗಾಗಿ ಅವನೇ ಎಳೆದುಕೊಟ್ಟ ಹೊಸ ದಾರಿ ಅಡ್ಡ ಹಾದುಹೋಗಿತ್ತು. ಸಣ್ಣ ಸುನ್ನೆ. ಸಾಲಾಗಿದ್ದ ಚುಕ್ಕೆ.

"ತಾಳು, ಕನ್ನಡಕ ತರ್ತೀನಿ," ಎಂದು ಶಂಶುನ್ನೀಸಾ ಎದ್ದು ಒಳಕೋಣೆಗೆ ಹೋದರು.

ಆ ಹೊತ್ತಿನಲ್ಲಿ ಅವನು ಮಾಡಿದ್ದನ್ನು ನೆನೆದರೆ ಅವನಿಗೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ. ಮರದ ಎದುರು, ದಾರಿಯಿಂದ ಸ್ವಲ್ಪ ಈಚೆಗೆ, ಒಂದು ಪುಟ್ಟ ಸುನ್ನೆ ಬರೆದ. ಅಮ್ಮಿ ಬರುವಷ್ಟರಲ್ಲಿ ಸುನ್ನೆ ಅಲ್ಲಿತ್ತು.

"ಇಲ್ಲೇ ಅಮ್ಮಿ."

ಶಂಶುನ್ನೀಸಾ ಬಗ್ಗಿ ನೋಡಿದರು. ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡು ಆ ಸುನ್ನೆಯ ಮೇಲೆ ಇಟ್ಟರು, ಆಮೇಲೆ ಆ ಬೆರಳನ್ನು ತುಟಿಗೆ ಮುಟ್ಟಿಸಿಕೊಂಡರು. "ಏನ್ರೀ, ಇದೇ ಅಲ್ವಾ?"

ಸನಾವುಲ್ಲಾ ಕುತ್ತಿಗೆ ಚಾಚಿ ನೋಡಿದರು. "ಹೂಂ. ಅದೇ."

"ನೆರಳಿದೆ," ಎಂದರು ಶಂಶುನ್ನೀಸಾ. "ಮರದ ನೆರಳು ಬೀಳುತ್ತೆ ಅವಳ ಮೇಲೆ. ನನಗೆ ಅದೇ ಯೋಚನೆ ಇತ್ತು. ಇದನ್ನ ಪ್ರಿಂಟ್ ಹಾಕ್ಸಿಕೊಡು ಬೇಟಾ."

ಮರುದಿನ ಅವನು ಪ್ರಿಂಟ್ ತಂದುಕೊಟ್ಟ. ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ತಮ್ಮ ಮದುವೆಯ ದುಪಟ್ಟಾದ ಕೆಳಗಿಟ್ಟರು.

ಅಲಿಯಾ ಭಾನುವಾರ ತಟ್ಟೆ ಎತ್ತುತ್ತಾ ಎಲ್ಲವನ್ನೂ ನೋಡಿದ್ದಳು. ಪ್ರಿಂಟ್ ಬೀರು ಸೇರುವ ತನಕ ತಡೆದುಕೊಂಡು, ಟೆರೇಸಿನಲ್ಲಿ ನೀರಿನ ಡ್ರಮ್ ತುಂಬಿಸುವಾಗ ಗಂಡನನ್ನು ಹಿಡಿದಳು.

"ಆ ಸುನ್ನೆ ನೀವು ಹಾಕಿದ್ದು."

"ಮೆಲ್ಲಗೆ ಮಾತಾಡು."

"ಅಮ್ಮಿ ಕನ್ನಡಕ ತರೋಕೆ ಹೋದಾಗ ಹಾಕಿದ್ರಿ. ನಾನು ಹೇಳಿದ್ದೆ, ಚುಕ್ಕೆ ಸಾಲಾಗಿದೆ ಅಂತ. ಹಾಲು ನೋಡ್ಕೋ ಅಂದ್ರಿ."

"ಗೊತ್ತಾಗ್ಲಿಲ್ಲ ಅಲಿಯಾ. ಸತ್ಯವಾಗ್ಲೂ ಗೊತ್ತಾಗ್ಲಿಲ್ಲ."

"ಅಳಿಸಿದ್ದು ಗೊತ್ತಿಲ್ದೆ. ಬರೆದಿದ್ದು?"

ಪೈಪಿನ ನೀರು ಡ್ರಮ್ ತುಂಬಿ ಕಾಲ ಮೇಲೆ ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿ, "ಹೇಳಿಬಿಡಿ. ನೀವು ಹೇಳ್ದೆ ಇದ್ರೆ ಅವರ ಜೊತೆ ನಾನು ಅಡುಗೆಮನೇಲಿ ಹೇಗೆ ನಿಂತ್ಕೊಳ್ಳಲಿ?" ಎಂದು ಕೆಳಗಿಳಿದಳು.

ಅವನು ಮೊದಲು ಸ್ಕ್ಯಾನ್ ಮಾಡಿದ್ದ ಚಿತ್ರವನ್ನು ತೆರೆದು ನೋಡಿದ. ಹುಳದ ತೂತುಗಳ ನಡುವೆ, ನೇರಳೆ ಮರದ ಎದುರು, ಯಾರೋ ಮಸಿಯಿಂದ ಒಂದೊಂದಾಗಿ ಬರೆದ ಪುಟ್ಟ ಸುನ್ನೆಗಳು. ದೊಡ್ಡದು ಮಾಡಿ ನೋಡಿದರೆ ಒಂದೊಂದೂ ಗುಂಡಗೆ, ಜೋಪಾನವಾಗಿ ಬರೆದದ್ದು. ಒಂದಲ್ಲ, ಎರಡಲ್ಲ, ನಾಲ್ಕು ಸಾಲು ಮಕ್ಕಳು. ಅವನು ಅಷ್ಟೂ ಜನರನ್ನು ಒಂದು ಗುಂಡಿ ಒತ್ತಿ ಗುಡಿಸಿ ಹಾಕಿದ್ದ.

ಅಮ್ಮಿಗೆ ಹೇಳುವ ಧೈರ್ಯವಾಗದೆ ಅವನು ಶೌಕತ್ ಸಾಹೇಬರ ಬಳಿ ಹೋದ. ಅವರು ಕಮಿಟಿ ರೂಮಿನಲ್ಲಿ, ಫ್ರೇಮ್ ಹಾಕಿದ ಆ ನಕ್ಷೆಯ ಕೆಳಗೇ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಪೂರ್ತಿ ಕೇಳಿ ಬಾಯಿ ಒರೆಸಿಕೊಂಡರು.

"ನಮಗೂ ಗೊತ್ತಾಗ್ಬೇಕಿತ್ತು. ಆ ಕಡೆ ಹುಲ್ಲು ಬೆಳೆದಿತ್ತು, ಮಕ್ಕಳನ್ನ ಅಲ್ಲಿ ಇಡೋದು ಬಿಟ್ಟೇ ಎಷ್ಟೋ ಕಾಲ ಆಯ್ತು. ನಕ್ಷೇಲಿ ಖಾಲಿ ಅಂತಿತ್ತು, ಕಂಟ್ರಾಕ್ಟರು ಹಾಕ್ಬಿಟ್ಟ. ಈಗ ಬಿಡು."

"ಬಿಡೋದಾ? ಮಕ್ಕಳ ಮೇಲೆ ಓಡಾಡ್ತಾರೆ ಜನ."

"ಆಳಕ್ಕೆ ಅಗೆದಿಲ್ಲ ಮಗಾ. ಮೇಲೆ ಜಲ್ಲಿ, ಅದರ ಮೇಲೆ ಬ್ಲಾಕು. ಹಬ್ಬ ಮುಗೀಲಿ. ನಿಮ್ಮಬ್ಬಾ ಊರೆಲ್ಲ ಹೇಳ್ಕೊಂಡು ಬಂದಿದ್ದಾರೆ, ಅವರ ಮುಖ ಏನಾಗ್ಬೇಕು? ಅದನ್ನ ಯೋಚನೆ ಮಾಡು."

ಅವನು ಅದನ್ನೇ ಯೋಚನೆ ಮಾಡಿದ. ಹೇಡಿಗೆ ಒಂದು ನೆಪ ಸಿಕ್ಕಿದರೆ ಸಾಕಲ್ಲ, ಹಬ್ಬದವರೆಗೂ ಅದನ್ನೇ ಅಪ್ಪಿಕೊಂಡಿದ್ದ. ಆಫೀಸಿಗೆ ಹೋದ, ಬಂದ. ಅಮ್ಮಿ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದ. ಅವರು ಈಚೆಗೆ ಹೆಚ್ಚು ಮಾತಾಡುತ್ತಿದ್ದರು, ಒಮ್ಮೊಮ್ಮೆ ಅಡುಗೆಮನೆಯಲ್ಲಿ ಹಾಡಿನಂಥ ಏನನ್ನೋ ಗುನುಗುತ್ತಿದ್ದರು. ಅಲಿಯಾ ಗಂಡನ ತಟ್ಟೆಗೆ ಬಡಿಸುವುದನ್ನು ಬಿಟ್ಟಿದ್ದಳು.

ಶಬೆ ಬರಾತ್ ದಿನ ಬೆಳಗಿನಿಂದ ಮನೆಯಲ್ಲಿ ಕಡಲೆಬೇಳೆ ಹಲ್ವಾದ ತುಪ್ಪದ ವಾಸನೆ. ರಾತ್ರಿ ಖಬರಸ್ತಾನದಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ಸನಾವುಲ್ಲಾ ಪ್ರತಿವರ್ಷ ಸಂಜೆಯೇ ಹೊರಡುವವರು. ಶಂಶುನ್ನೀಸಾ ದೊಡ್ಡ ಪೊಟ್ಟಣ ಕೈಗೆ ಕೊಟ್ಟು, ಚಿಕ್ಕ ಪೊಟ್ಟಣವನ್ನು ಗಂಡನ ಜುಬ್ಬದ ಜೇಬಿಗಿಟ್ಟರು. "ಈ ಸಲ ಎಲ್ಲಿ ಹಾಕ್ತೀರಿ ಅಂತ ನನಗೂ ಗೊತ್ತು," ಎಂದು ನಕ್ಕರು.

ತಂದೆ ಮಗ ಇಬ್ಬರೂ ನಡೆದುಕೊಂಡು ಹೋದರು. ಗೇಟಿನ ಪಕ್ಕದಲ್ಲೇ ಅಜ್ಜನ ಗೋರಿ. ಫಾತಿಹಾ ಓದಿ, ದೊಡ್ಡ ಪೊಟ್ಟಣ ಬಿಚ್ಚಿ ಪಕಳೆ ಹಾಕಿದರು. ಆಮೇಲೆ ಸನಾವುಲ್ಲಾ ಜೇಬಿನಿಂದ ಚಿಕ್ಕ ಪೊಟ್ಟಣ ತೆಗೆದು, ಮಗನ ಕಡೆ ನೋಡದೆ, ಅದನ್ನೂ ಅಲ್ಲೇ ಬಿಚ್ಚತೊಡಗಿದರು.

"ಅಬ್ಬಾ, ಅದು ನಿಖತ್‌ಗೆ."

"ಗೊತ್ತು."

"ಅಲ್ಲಿಗೆ ಹೋಗಲ್ವಾ?"

ಸನಾವುಲ್ಲಾ ಪೊಟ್ಟಣದ ದಾರ ಬೆರಳಿಗೆ ಸುತ್ತಿಕೊಂಡರು. "ಅವತ್ತು ನನ್ನ ಈ ಕೈಯಿಂದಲೇ ಇಳಿಸಿದ್ದು ಕಣೋ. ಇಷ್ಟೇ ಇದ್ಲು. ಆಮೇಲೆ ಆ ಮೂಲೆಗೆ ಹೋಗೋಕೆ ಕಾಲೇ ಬರ್ಲಿಲ್ಲ. ಮುಂದಿನ ವರ್ಷ ಹೋಗೋಣ, ಮುಂದಿನ ವರ್ಷ ಹೋಗೋಣ ಅಂತ ಇಲ್ಲೇ ಹಾಕ್ತಾ ಬಂದೆ. ನನ್ನ ಅಪ್ಪ ಅವಳಿಗೆ ತಲುಪಿಸ್ತಾರೆ ಅಂದ್ಕೊಂಡೆ. ನೀನು ಆ ದಿನ ಸುನ್ನೆ ತೋರಿಸಿದಾಗ ಹೂಂ ಅಂದೆ. ಈಗ ನಂಗೆ ಯಾವುದೂ ಗುರುತಿಲ್ಲ."

"ಆ ಸುನ್ನೆ ನಾನೇ ಬರೆದಿದ್ದು ಅಬ್ಬಾ," ಎಂದ ಜೀಶಾನ್. ಉಳಿದದ್ದನ್ನೂ ಹೇಳಿದ.

ಸನಾವುಲ್ಲಾ ಕೈ ಎತ್ತಿದರು. ಹೊಡೆಯುತ್ತಾರೆಂದು ಅವನು ಅಲುಗಾಡದೆ ನಿಂತ. ಹೊಡೆಯಲಿಲ್ಲ. ಆ ಕೈ ಹಾಗೇ ಕೆಳಗಿಳಿದು, ಪೊಟ್ಟಣವನ್ನು ಮತ್ತೆ ಜೇಬಿಗೆ ಸೇರಿಸಿತು. ಇಬ್ಬರೂ ಹೊಸ ದಾರಿಯ ಮೇಲೆ ನಡೆದು ನೇರಳೆ ಮರದ ತನಕ ಹೋದರು. ಬ್ಲಾಕುಗಳು ನೀಟಾಗಿ ಕೂತಿದ್ದವು. ಅಂಚಿನಲ್ಲಿ ಆಸರೆಗೆಂದು ಸಣ್ಣ ಕಲ್ಲುಗಳನ್ನು ಸಿಕ್ಕಿಸಿದ್ದರು. ಜೀಶಾನ್ ಕೂತು ಒಂದನ್ನು ಕಿತ್ತು ತಿರುಗಿಸಿದ. ಕೆಳಭಾಗದಲ್ಲಿ ಹಳೆಯ ಸುಣ್ಣ ಬಳಿದಿತ್ತು. ಮಕ್ಕಳ ತಲೆಯ ಕಡೆ ನೆಟ್ಟಿದ್ದ ಗುರುತಿನ ಕಲ್ಲುಗಳನ್ನು ಕೂಲಿಯವರು ಜಲ್ಲಿ ಎಂದು ಎತ್ತಿ ಹಾಕಿಕೊಂಡಿದ್ದರು.

ಸನಾವುಲ್ಲಾ ಚಪ್ಪಲಿ ಬಿಟ್ಟರು. ಅದು ಸುಮ್ಮನೆ ಅಭ್ಯಾಸದಿಂದ ಬಿಟ್ಟದ್ದೋ ಏನೋ, ಮಗನೂ ಬಿಟ್ಟ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹುಲ್ಲಿನ ಅಂಚಿನಲ್ಲಿ ವಾಪಸ್ ಬಂದರು. ಚಿಕ್ಕ ಪೊಟ್ಟಣ ಜೇಬಿನಲ್ಲೇ ಇತ್ತು.

ಶಂಶುನ್ನೀಸಾ ನೆರೆಮನೆಗಳಿಗೆ ಹಂಚಲು ಹಲ್ವಾ ಕತ್ತರಿಸುತ್ತಿದ್ದರು. "ಹಾಕಿದ್ರಾ?"

ಸನಾವುಲ್ಲಾ ಪೊಟ್ಟಣವನ್ನು ತೆಗೆದು ಹಲ್ವಾದ ತಟ್ಟೆಯ ಪಕ್ಕ ಇಟ್ಟರು. ಜೀಶಾನ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಹುಳ ತಿಂದ ಕಾಗದ, ಅಳಿಸಿದ್ದು, ಅಲಿಯಾ ಕೇಳಿದ್ದು, ದಾರಿ, ಕೊನೆಗೆ ಕನ್ನಡಕ ತರಲು ಅವರು ಒಳಗೆ ಹೋದಾಗ ಬರೆದ ಸುನ್ನೆ. ಅವನು ಮುಗಿಸಿದ ಮೇಲೆ ಸನಾವುಲ್ಲಾ ತಮ್ಮದನ್ನು ಹೇಳಿದರು, ಇನ್ನೂ ಸಣ್ಣ ಧ್ವನಿಯಲ್ಲಿ.

ಶಂಶುನ್ನೀಸಾ ಚಾಕು ಕೆಳಗಿಡಲಿಲ್ಲ. "ಅಷ್ಟು ವರ್ಷ?"

"ಹೂಂ."

"ಒಂದು ಸಲಾನೂ ಹೋಗಿಲ್ಲ?"

"ಇಲ್ಲ ಶಂಶು."

ಅವರು ಮತ್ತೆ ಹಲ್ವಾ ಕತ್ತರಿಸಿದರು. ಎಲ್ಲ ತುಂಡುಗಳೂ ಒಂದೇ ಅಳತೆಗೆ ಬರುವಂತೆ ನಿಧಾನವಾಗಿ ಕತ್ತರಿಸಿ, ಎದ್ದು ಹೋಗಿ ಬೀರುವಿನಿಂದ ಪ್ಲಾಸ್ಟಿಕ್ ಕವರ್ ತಂದು ಮಗನ ಕೈಗೆ ಕೊಟ್ಟರು. "ಈ ಸುನ್ನೆಗೆ ಮುತ್ತು ಕೊಟ್ಟಿದ್ದೆ ನಾನು. ಬರೀ ಕಂಪ್ಯೂಟರಿಗೆ." ಹಲ್ವಾ ಆ ಸಂಜೆ ಗಲ್ಲಿಯ ಎಲ್ಲ ಮನೆಗಳಿಗೂ ಅಲಿಯಾಳ ಕೈಯಲ್ಲಿ ಹೋಯಿತು. ತಂದೆ ಮಗನ ತಟ್ಟೆಗೆ ಬರಲಿಲ್ಲ. ಇಬ್ಬರೂ ಕೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಅವರು ಮಗನ ಎದುರು ರೊಟ್ಟಿ ಇಡುತ್ತಾ ಕೇಳಿದರು: "ಅಲ್ಲಿ ನಾಲ್ಕು ಸಾಲು ಇದೆ ಅಂದ್ಯಲ್ಲ. ಉಳಿದ ತಾಯಂದಿರಿಗೆ ಯಾರು ಹೇಳ್ತಾರೆ?"

ಶುಕ್ರವಾರ ಜುಮ್ಮಾ ನಮಾಜ್ ಮುಗಿದ ಮೇಲೆ ಜೀಶಾನ್ ಮಸೀದಿಯ ಅಂಗಳದಲ್ಲಿ ಎದ್ದು ನಿಂತ. ಶೌಕತ್ ಸಾಹೇಬರು ಕಣ್ಣಲ್ಲೇ ಬೇಡ ಎನ್ನುತ್ತಿದ್ದರು. ಆಗ ಸನಾವುಲ್ಲಾ ಬಂದು ಪಕ್ಕದಲ್ಲಿ ನಿಂತರು. ಅವರ ಅಂಗಡಿಯಲ್ಲಿ ಚಹಾ ಕುಡಿದವರೆಲ್ಲ ಅಲ್ಲಿದ್ದರು.

"ಖಬರಸ್ತಾನದ ನಕ್ಷೆ ಮಾಡಿದ್ದು ನಾನು," ಎಂದ ಜೀಶಾನ್. "ನಿಮ್ಮ ಮಕ್ಕಳನ್ನ ನಾನು ಅಳಿಸಿಬಿಟ್ಟೆ. ಧೂಳು ಅಂದ್ಕೊಂಡೆ. ಈಗ ಅವರ ಮೇಲೆ ದಾರಿ ಆಗಿದೆ."

ಯಾರೋ ಬೈದರು. ಇನ್ಯಾರೋ, "ದೊಡ್ಡ ಇಂಜಿನಿಯರ್ ಮಗ" ಎಂದು ಸನಾವುಲ್ಲಾ ಅವರಿಗೆ ಕೇಳುವಂತೆಯೇ ಅಂದರು. ಜೀಶಾನನಿಗೆ ಗುರುತಿಲ್ಲದ ಒಬ್ಬ ಮುದುಕರು, "ನೇರಳೆ ಮರದ ಮೂಲೇನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಪ್ಪಲಿ ಹುಡುಕತೊಡಗಿದರು. ಬೈದವರನ್ನು ಅವನು ಮರೆತ. ಚಪ್ಪಲಿ ಸಿಗದೆ ತಡಕಾಡುತ್ತಿದ್ದ ಆ ಕೈಗಳನ್ನು ಮರೆಯಲಿಲ್ಲ.

ಆ ವಾರವೇ ಬ್ಲಾಕುಗಳನ್ನು ಎತ್ತಿದರು. ಕೂಲಿಗೆ ಯಾರನ್ನೂ ಕರೆಯಲಿಲ್ಲ. ಜೀಶಾನ್ ಆಫೀಸಿಗೆ ರಜೆ ಹಾಕಿದ, ಸನಾವುಲ್ಲಾ ಅಂಗಡಿಯ ಶಟರ್ ಎಳೆದರು, ಮುದುಕರು ಇಬ್ಬರು ಮೊಮ್ಮಕ್ಕಳನ್ನು ಕರೆತಂದರು. ಶೌಕತ್ ಸಾಹೇಬರು ಗೋಡೆಯ ಫ್ರೇಮನ್ನು ತಾವೇ ಇಳಿಸಿ, ಬ್ಲಾಕು ಹೊರಲೂ ಬಂದರು. ದಾರಿ ಗೋಡೆಯ ಬದಿಗೆ ಸುತ್ತು ಹಾಕಿಕೊಂಡು ಹೋಯಿತು. ಸುಣ್ಣದ ಗುರುತಿದ್ದ ಕಲ್ಲುಗಳನ್ನು ಆರಿಸಿ ಮರದ ಬುಡದಲ್ಲಿ ಒಟ್ಟಿದರು. ಯಾವ ಕಲ್ಲು ಯಾವ ಮಗುವಿನದು ಎಂದು ಯಾರಿಗೂ ತಿಳಿಯಲಿಲ್ಲ.

ಜೀಶಾನ್ ನಕ್ಷೆಗೆ ಮತ್ತೆ ಕೂತ. ಈ ಸಲ ಒಂದೇ ಒತ್ತಿಗೆ ಏನನ್ನೂ ಅಳಿಸಲಿಲ್ಲ. ಒಂದೊಂದು ಚುಕ್ಕೆಯನ್ನೂ ದೊಡ್ಡದು ಮಾಡಿ ನೋಡಿ, ಇದು ಹುಳ, ಇದು ಮಗು ಎಂದು ಬೇರ್ಪಡಿಸಿದ. ಅನುಮಾನ ಬಂದಾಗಲೆಲ್ಲ ಅಲಿಯಾಳನ್ನು ಕರೆದು ಕೇಳಿದ. ರಂಜಾನ್ ಶುರುವಾಗಿ ಮೊದಲ ವಾರ ಕಳೆಯುವವರೆಗೂ ಆ ಕೆಲಸ ನಡೆಯಿತು. ಅಷ್ಟು ದಿನವೂ ಶಂಶುನ್ನೀಸಾ ಹೊತ್ತಿಗೆ ಸರಿಯಾಗಿ ಊಟ ಬಡಿಸಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು, ತಾವಾಗಿ ಒಂದು ಮಾತನ್ನೂ ಆಡಲಿಲ್ಲ.

ಮುಗಿದ ದಿನ, ಇಫ್ತಾರ್‌ಗೆ ಇನ್ನೂ ಹೊತ್ತಿತ್ತು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು, ಅಲಿಯಾ ಹಣ್ಣು ಹೆಚ್ಚುತ್ತಿದ್ದಳು. ಸನಾವುಲ್ಲಾ ಗೋಡೆಗೊರಗಿ ಕೂತಿದ್ದರು. ಜೀಶಾನ್ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, "ಅಮ್ಮಿ, ನೋಡ್ತೀಯಾ?" ಎಂದ.

ಶಂಶುನ್ನೀಸಾ ಕೈ ಒರೆಸಿಕೊಂಡು ಬಂದು ಎದುರು ಕೂತರು. ಕನ್ನಡಕ ಆಗಲೇ ಮೂಗಿನ ಮೇಲಿತ್ತು.

"ಈ ಸಲ ಹಾಕ್ಕೊಂಡೇ ಬಂದಿದ್ದೀನಿ," ಎಂದರು. "ತೋರಿಸು."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತೋರಿಸಿದ. ನೇರಳೆ ಮರ, ಅದರ ಎದುರು ನಾಲ್ಕು ಸಾಲು ಪುಟ್ಟ ಸುನ್ನೆಗಳು. ಅವರು ಒಂದೊಂದು ಸಾಲನ್ನೂ ಬೆರಳು ಮುಟ್ಟಿಸದೆ ನೋಡಿದರು.

"ಇದರಲ್ಲಿ ಯಾವುದು?"

"ಗೊತ್ತಿಲ್ಲ ಅಮ್ಮಿ."

ಗೋಡೆಯ ಕಡೆಯಿಂದ, ಯಾರೂ ಕೇಳದೆ, ಸನಾವುಲ್ಲಾ ಹೇಳಿದರು: "ನನಗೂ ಗೊತ್ತಿಲ್ಲ."

ಶಂಶುನ್ನೀಸಾ ಅಂಗೈ ಅಗಲಿಸಿ ಆ ಮೂಲೆಯ ಮೇಲಿಟ್ಟರು. ನಾಲ್ಕೂ ಸಾಲು ಕೈಯ ಕೆಳಗೆ ಬಂದವು.

"ಮುಂದಿನ ವರ್ಷ ಹೂವು ಜಾಸ್ತಿ ತರ್ಬೇಕು," ಎಂದರು ಜೀಶಾನನಿಗೆ. "ಇಷ್ಟೂ ಜನಕ್ಕೆ ಆಗೋಷ್ಟು. ಪೊಟ್ಟಣ ನಿನ್ನ ಜೇಬಲ್ಲಿ ಇಡ್ತೀನಿ."

ಸನಾವುಲ್ಲಾ ತಮ್ಮ ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡು ಮುಖ ತಿರುಗಿಸಿದರು. ಶಂಶುನ್ನೀಸಾ ಎದ್ದು ಗಂಜಿ ಕಲಕಲು ಹೋದರು.